ಎಡಗೈಗೊಂದು ಗ್ಲೌಸು

ಫೆಬ್ರವರಿಯ ಎರಡನೇ ಭಾನುವಾರ, ಬೆಳಿಗ್ಗೆ ಆರೂವರೆಗೆ ಬರೆಯಲು ಕೂತೆ. ಹುಳಿಯಾರು ರಸ್ತೆಯ ಎರಡು ಕೊಬ್ಬರಿ ಶೆಡ್ಡುಗಳಲ್ಲಿ ಹೆಂಗಸರ ಕೈಗಾಯಗಳನ್ನು ನಾಲ್ಕು ತಿಂಗಳು ಎಣಿಸಿದವಳು ನಾನು. ವರದಿ ಹೊರಬಂದಿದೆ. ಅದನ್ನು ಓದಿದವರಿಗೆ ಗೊತ್ತಾಗದ್ದನ್ನು ಇಲ್ಲಿ ಬರೆಯುತ್ತೇನೆ.

ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯ ಚಿಪ್ಪನ್ನು ಮಚ್ಚಿನಿಂದ ಒಡೆದು, ಕೊಬ್ಬರಿಯನ್ನು ಉಂಡೆಯಾಗಿಯೇ ಬಿಡಿಸುವುದು ಅವರ ಕೆಲಸ. ಬಲಗೈಯಲ್ಲಿ ಮಚ್ಚು, ಎಡಗೈಯಲ್ಲಿ ಕಾಯಿ. ಏಟು ತಪ್ಪಿದರೆ ಬೀಳುವುದು ಎಡಗೈಗೆ. ಹೋದ ವರ್ಷ, ಅಲ್ಲೇ ಕೆಲಸ ಮಾಡುವ ನನ್ನ ಚಿಕ್ಕಮ್ಮನ ಎಡಗೈ ಹೆಬ್ಬೆರಳು ಏಟು ಬಿದ್ದು ಕೀವು ತುಂಬಿ, ಉಗುರು ಹೋಗಿ, ಈಗಲೂ ಸರಿಯಾಗಿ ಮಡಚುವುದಿಲ್ಲ. ಅದೇ ಬೆರಳಿಗೆ ಮತ್ತೆ ಗಾಯವಾದರೆ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ನಮ್ಮ ಸೇವಾ ಬಳಗ ಗ್ಲೌಸು ಕೊಡಲು ಹೊರಟಿತು. ಕೊಟ್ಟುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಧ್ಯಯನ ನೋಡಿಕೊಳ್ಳುವ ಸರ್, "ಉಪಯೋಗ ಇದೆ ಅಂತ ತೋರಿಸದೆ ಯಾರೂ ದುಡ್ಡು ಕೊಡಲ್ಲ" ಎಂದರು. ಅದೂ ಸುಳ್ಳಲ್ಲ. ಒಂದು ಶೆಡ್ಡಿಗೆ ಕೊಟ್ಟು, ಇನ್ನೊಂದಕ್ಕೆ ಕೊಡದೆ, ಗಾಯಗಳನ್ನು ಹೋಲಿಸುವುದೆಂದು ತೀರ್ಮಾನವಾಯಿತು. ಎರಡಕ್ಕೂ ಮಾಲೀಕರು ಒಬ್ಬರೇ. ಉಪಯೋಗ ಕಂಡರೆ ಮುಂದೆ ತಾವೇ ಎಲ್ಲರಿಗೂ ಕೊಡಿಸುವುದಾಗಿ ಮಾತು ಕೊಟ್ಟರು. ಚಿಕ್ಕಮ್ಮನದು ಕೊಡದ ಶೆಡ್ಡು.

ಎರಡನೇ ವಾರ ಹೋದರೆ ಚಿಕ್ಕಮ್ಮನ ಎಡಗೈಯಲ್ಲಿ ಗ್ಲೌಸು. ಸಾಲಿನಲ್ಲಿ ಕೂತ ಎಲ್ಲರ ಎಡಗೈಯಲ್ಲೂ.

"ಇದೆಲ್ಲಿಂದ ಬಂತು ಚಿಕ್ಕಮ್ಮ?"

"ನಮ್ ವಾರಗಿತ್ತಿ ಇಲ್ವಾ ಆ ಶೆಡ್ನಾಗೆ, ಅವ್ಳು ಕೊಟ್ಲು ಕಣೇ. ಅವ್ರಿಗೆಲ್ಲ ಎರಡೂ ಕೈಗೆ ಜೊತೆ ಕೊಟ್ಟವ್ರೆ. ಬಲಗೈಗೆ ಹಾಕ್ಕಂಡ್ರೆ ಮಚ್ಚು ಜಾರ್ತದೆ. ಸುಮ್ಕೆ ಮಡಿಕ್ಕಂಡು ಏನ್ಮಾಡಾದು ಅಂತ ಒಂದೊಂದು ನಮಗೆ ಕಳ್ಸವ್ರೆ."

ನೂಲಿನ ಗ್ಲೌಸು, ಯಾವ ಕೈಗಾದರೂ ಆಗುತ್ತದೆ.

"ಈ ಶೆಡ್ಡಿನವರು ಹಾಕ್ಕೋಬಾರದು ಅಂದಿದ್ರಲ್ಲ."

"ನಿಮಗೆ ಲೆಕ್ಕ ಸಿಗ್ಲಿ ಅಂತ ಕುಯ್ಕಂಡು ಕೂರ್ಬೇಕಾ?"

ಪಕ್ಕದವಳು ತಲೆಯೆತ್ತದೆ ಹೇಳಿದಳು, "ಬುಡಕ್ಕ, ಪಾಪ, ಮಗೀನ ಲೆಕ್ಕ ಕೆಡ್ತದೆ. ವಾರಕ್ಕೊಂದು ಬೆರಳು ಕೊಟ್ಬುಡಾನ."

ಸಾಲೆಲ್ಲ ನಕ್ಕಿತು. ಅಂದು ಸಂಜೆಯೇ ಸರ್‌ಗೆ ಫೋನು ಮಾಡಿದೆ. ಬರೆದಿಟ್ಟುಕೊಳ್ಳಿ, ಮಧ್ಯದಲ್ಲಿ ಏನನ್ನೂ ಬದಲಾಯಿಸುವ ಹಾಗಿಲ್ಲ ಎಂದರು.

ಕೊನೆಗೆ ಎರಡೂ ಶೆಡ್ಡಿನ ಗಾಯಗಳು ಹೆಚ್ಚುಕಡಿಮೆ ಸಮವಾದವು. ಎರಡರಲ್ಲೂ ಕಡಿಮೆಯೇ ಇದ್ದವು. ಆದರೆ ಮೊದಲು ಎಷ್ಟಿದ್ದವೆಂದು ಯಾರೂ ಎಣಿಸಿರಲಿಲ್ಲ. ಗ್ಲೌಸಿನಿಂದ ವ್ಯತ್ಯಾಸ ಕಂಡುಬಂದಿಲ್ಲ ಎಂದು ವರದಿಯಾಯಿತು.

ಸಭೆಯಲ್ಲಿ ಎದ್ದು ನಿಂತು, ಹೋಲಿಸಿರುವುದು ಗ್ಲೌಸು ಹಾಕಿದವರನ್ನು ಗ್ಲೌಸು ಹಾಕಿದವರ ಜೊತೆಗೇ ಎಂದೆ.

"ಅದನ್ನ ಕೊನೇ ಪುಟದಲ್ಲಿ ಹಾಕಿದೀವಲ್ಲಮ್ಮ" ಎಂದರು ಸರ್.

ಸದಸ್ಯರೊಬ್ಬರು ಬೇಸರದಿಂದ ಹೇಳಿದರು, "ಶಿಸ್ತಿಲ್ಲ ಕಣ್ರೀ ಇವರಿಗೆ. ಏನು ಕೊಟ್ಟರೂ ಹಂಚ್ಕೊಂಡುಬಿಡ್ತಾರೆ."

ಸೇವಾ ಬಳಗದ ಸಭೆಯಲ್ಲಿ ಈ ಮಾತಿಗೆ ಯಾರೂ ತಕರಾರು ಮಾಡಲಿಲ್ಲ. ಟೀ ಬಂತು.

ಮಾಲೀಕರ ಹತ್ತಿರ ಹೋದೆ. ಅವರು ಕೊನೇ ಪುಟ ಓದಿರಲಿಲ್ಲ. ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ನಾನು ಮಾತು ತಪ್ಪೋನಲ್ಲ ಕಣಮ್ಮ. ಉಪಯೋಗ ಇದ್ರೆ ಅಂದಿದ್ದೆ. ಇಲ್ಲ ಅಂತ ನೀವೇ ಬರ್ದಿದೀರಿ."

ಬಳಗ ಈಗ ಬೇರೆ ವಿಷಯ ಹುಡುಕುತ್ತಿದೆ. ಕೊಟ್ಟ ಗ್ಲೌಸುಗಳು ಚಿಪ್ಪಿಗೆ ಉಜ್ಜಿ ಹರಿದಿವೆ. ಆಮೇಲೆ ನಾನೇ ಕೊಂಡು ತಂದುಕೊಟ್ಟ ಒಂದು ಜೊತೆಯಲ್ಲಿ ಚಿಕ್ಕಮ್ಮ ಒಂದನ್ನು ಪಕ್ಕದವಳಿಗೆ ಕೊಟ್ಟಳು. ನಿನ್ನೆ ನೋಡಿದೆ, ಅವೂ ಹರಿದಿದ್ದವು. ಚಿಕ್ಕಮ್ಮ ಎಡಗೈಗೆ ಹಳೆ ಸೀರೆಯ ಪಟ್ಟಿ ಸುತ್ತಿಕೊಂಡು, ಅದು ಸಡಿಲವಾದಾಗಲೆಲ್ಲ ಹಲ್ಲಿನಲ್ಲಿ ಕಚ್ಚಿ ಬಿಗಿದುಕೊಳ್ಳುತ್ತಿದ್ದಳು.

ತಿಪಟೂರಿನ ಕಡೆಯಾಗಲಿ, ತುರುವೇಕೆರೆಯ ಕಡೆಯಾಗಲಿ, ಗ್ಲೌಸು ಬರುವ ಮೊದಲಿನ ಗಾಯಗಳನ್ನೂ ಬಂದ ಮೇಲಿನ ಗಾಯಗಳನ್ನೂ ಎಣಿಸಿದ ಶೆಡ್ಡು ಎಲ್ಲಾದರೂ ಇದ್ದರೆ, ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಮಾಲೀಕರಿಗೆ ತೋರಿಸಬೇಕು. ತಡಮಾಡಬೇಡಿ, ನಾಳೆ ಬೆಳಿಗ್ಗೆ ಚಿಕ್ಕಮ್ಮ ಮತ್ತೆ ಕೆಲಸಕ್ಕೆ ಕೂರುತ್ತಾಳೆ.