ಗಂಡಿಗೂ ಹೆಣ್ಣಿಗೂ ಒಂದೇ ಪದ

ಮಾನಸ ಬಾಪೂಜಿ ನಗರದ ಸಣ್ಣ ಪ್ರೆಸ್ಸೊಂದರಲ್ಲಿ ಡಿಟಿಪಿ ಮಾಡುತ್ತಿದ್ದಳು. ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ನಾಲ್ಕು ವರ್ಷದಿಂದ ಇಂಜೆಕ್ಷನ್ನು, ಮಾತ್ರೆ; ಮೈಯೆಲ್ಲ ಊದಿತ್ತು. "ಗಂಡನ್ನೂ ಕರ್ಕೊಂಡ್ ಬಾಮ್ಮ" ಎಂದು ಡಾಕ್ಟರು ಹೇಳಿದಾಗಲೆಲ್ಲ ಕಾಂತರಾಜುಗೆ ಅಂಗಡಿಯಲ್ಲಿ ಕೆಲಸ. ನಾದಿನಿಯ ಸೀಮಂತದಲ್ಲಿ ಅತ್ತೆ ಅಕ್ಕಯ್ಯಮ್ಮ ಎಲ್ಲರೆದುರೇ ಮಾನಸಳ ಕೈಯಿಂದ ಆರತಿ ತಟ್ಟೆ ಕಿತ್ತುಕೊಂಡು, "ಬಂಜೆ ಕೈ ಬೇಡ, ನೀನು ಒಳಗಿರು" ಎಂದಿದ್ದರು.

ಅದಾದ ವಾರಕ್ಕೆ ವಯಸ್ಸಾದ ಫಾದರ್ ಒಬ್ಬರು ಲ್ಯಾಟಿನ್ ವ್ಯಾಕರಣದ ಹಸ್ತಪ್ರತಿ ತಂದುಕೊಟ್ಟರು. ಟೈಪ್ ಮಾಡುತ್ತಾ ಮಾನಸ ಒಂದು ಪದದ ಹತ್ತಿರ ತಡೆದು, ಪಕ್ಕದಲ್ಲೇ ಕೂತಿದ್ದ ಅವರನ್ನು ಕೇಳಿದಳು.

"ಫಾದರ್, ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕ, ಮೂರರಲ್ಲೂ ಫೆಲಿಕ್ಸ್ ಅಂತಾನೇ ಇದೆ. ತಪ್ಪಾಗಿದ್ಯಾ?"

"ಇಲ್ಲಮ್ಮ. ಪ್ರಥಮಾ ಏಕವಚನದಲ್ಲಿ ಮೂರಕ್ಕೂ ಅದೇ ರೂಪ. ಅದೃಷ್ಟ ಇರೋವ್ರು ಅಂತ ಅರ್ಥ. ಹಣ್ಣು ಬಿಡೋ ಮರಕ್ಕೂ ಹಾಗೇ ಅಂತಿದ್ರು."

"ಬಿಡದೇ ಇರೋ ಮರಕ್ಕೆ?"

"ಇನ್‌ಫೆಲಿಕ್ಸ್. ನತದೃಷ್ಟರಿಗೂ ಅದೇ."

"ಅದೂ ಗಂಡಿಗೂ ಹೆಣ್ಣಿಗೂ ಒಂದೇನಾ?"

"ಒಂದೇ. ಯಾಕಮ್ಮ?"

ಮಾನಸ ಮತ್ತೆ ಟೈಪ್ ಮಾಡತೊಡಗಿದಳು. ಹೆಣ್ಣಿಗೆ ಬಂಜೆ ಎಂದರೆ ಗಂಡಿಗೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಯೋಚಿಸಿದಳು. ಅಂಥ ಮಾತನ್ನು ಯಾರ ಬಾಯಲ್ಲೂ ಕೇಳಿದ ನೆನಪಿರಲಿಲ್ಲ.

ಅಂದು ಸಂಜೆ, ಮಹಾಲಕ್ಷ್ಮಿ ಲೇಔಟಿನ ಮನೆಯಲ್ಲಿ ಕಾಂತರಾಜು ಕಾಫಿ ಕುಡಿಯುತ್ತಿದ್ದಾಗ ಕೇಳಿಯೇಬಿಟ್ಟಳು. "ರೀ, ನೀವೂ ಒಂದ್ಸಲ ಟೆಸ್ಟ್ ಮಾಡಿಸ್ಕೊಳ್ಳಿ. ಕಾಲಿಗೆ ಬೀಳ್ತೀನಿ."

ಅವನು ಲೋಟ ಕೆಳಗಿಟ್ಟ.

"ಮಾಡಿಸಿದೀನಿ. ನಾಲ್ಕು ವರ್ಷ ಆಯ್ತು. ತೊಂದರೆ ನನ್ದೇ ಕಣೇ."

"ಗೊತ್ತಿದ್ದೂ ನನಗೆ ಸೂಜಿ ಚುಚ್ಚಿಸಿದ್ರಾ?"

"ಅಮ್ಮಂಗೆ ಮಾತ್ರ ಹೇಳ್ಬೇಡ. ನಾನು ತಲೆ ಎತ್ತಿ ಓಡಾಡಕ್ಕಾಗಲ್ಲ."

"ನೀವೇ ಹೇಳಿ. ಈಗಲೇ" ಎಂದು ಅವಳು ಅಡುಗೆಮನೆಯಲ್ಲಿದ್ದ ಅತ್ತೆಯನ್ನು ಕರೆದಳು. ಅಕ್ಕಯ್ಯಮ್ಮ ಬಂದು ನಿಂತು, "ಏನೋ ಅದು?" ಎಂದರು. ಕಾಂತರಾಜು, "ಏನಿಲ್ಲಮ್ಮ, ಇವಳ್ದು ಯಾವಾಗ್ಲೂ ಇದ್ದಿದ್ದೇ" ಎಂದ.

ಮಾನಸ ಉಟ್ಟ ಸೀರೆಯಲ್ಲೇ ಕೆಂಗೇರಿಯ ಅಕ್ಕನ ಮನೆಗೆ ಹೊರಟುಹೋದಳು. ಗಂಡ ಬಿಟ್ಟವಳು ಎಂದು ಬೀದಿಯವರು ತಾವೇ ತೀರ್ಮಾನಿಸಿದರು. ಅಕ್ಕ ಕೂಡ, "ಹೊಂದ್ಕೊಂಡು ಹೋಗ್ಬೇಕಿತ್ತು ಕಣೇ" ಎಂದಳು. ನಡೆದದ್ದನ್ನು ಹೇಳಿದರೂ ಅಕ್ಕ ನಂಬಲಿಲ್ಲ.

ಮೊನ್ನೆ ಪ್ರೆಸ್ಸಿನಲ್ಲಿ, ಜೊತೆಗೆ ಕೆಲಸ ಮಾಡುವ, ಮಹಾಲಕ್ಷ್ಮಿ ಲೇಔಟಿನಲ್ಲೇ ಮನೆಯಿರುವ ಶಶಿಕಲಾ ಒಂದು ಸುದ್ದಿ ಹೇಳಿದಳು. ಅಕ್ಕಯ್ಯಮ್ಮ ಮಗನಿಗೆ ಇನ್ನೊಂದು ಹೆಣ್ಣು ನೋಡಿದ್ದಾರೆ, ಇಪ್ಪತ್ತಮೂರರ ಹುಡುಗಿ, ಮಾಗಡಿ ಕಡೆಯವಳಂತೆ. ಹೆಸರು, ಮನೆ ಶಶಿಕಲಾಗೂ ಗೊತ್ತಿರಲಿಲ್ಲ. ಆ ಹುಡುಗಿಗಾದರೂ ನಿಜ ತಿಳಿಸಬೇಕೆಂದು ಮಾನಸ ಮರುದಿನ ಬೆಳಿಗ್ಗೆಯಿಂದ ನೆಂಟರಿಗೆಲ್ಲ ಫೋನ್ ಮಾಡಿದಳು. ಅವಳ ನಂಬರ್ ಯಾರೂ ಕೊಡಲಿಲ್ಲ.