ಕಪ್ಪೆ ಸಾಕಿದ ಮಳೆಗಾಲ

ನಾನು ಮದುವೆಯಾಗಿ ವಿಕ್ರೋಳಿಗೆ ಬಂದಾಗ ನಮ್ಮ ಚಾಳಿನ ಹಿಂದೆ ಬರೀ ಜೌಗು ನೆಲ, ಅದರಾಚೆ ಖಾಡಿ, ಸಮುದ್ರದ ಹಿನ್ನೀರು. ಇವರಿಗೆ ಕಾರ್ಖಾನೆಯಲ್ಲಿ ಕೆಲಸ. ಅತ್ತೆ ನಮ್ಮ ಜೊತೆಗೇ ಇದ್ದರು. ಇವರ ಅಣ್ಣ, ಅಂದರೆ ನನ್ನ ಭಾವ, ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದವರು. ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಕೆಲಸ ಬಿಟ್ಟು, ಟ್ರಂಕು ಹೊತ್ತು ನಮ್ಮಲ್ಲಿಗೆ ಬಂದುಬಿಟ್ಟರು.

“ಕಪ್ಪೆ ಸಾಕುತ್ತೇನೆ,” ಅಂದರು.

ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. ತಮಾಷೆ ಅಂದುಕೊಂಡಿರಬೇಕು. ಕಪ್ಪೆಯ ಕಾಲನ್ನು ಐಸಿನಲ್ಲಿಟ್ಟು ಹಡಗಿನಲ್ಲಿ ಫಾರಿನ್ನಿಗೆ ಕಳಿಸುತ್ತಾರೆಂದು ಬಂದರಿನ ಗಿರಾಕಿಯೊಬ್ಬ ಭಾವನ ತಲೆ ತುಂಬಿದ್ದ.

“ಮೀನು ತಿನ್ನುವುದಿಲ್ಲವಾ ನಾವು? ಇದೂ ನೀರಿನದ್ದೇ ಅಲ್ಲವಾ?” ಎಂದು ಭಾವ ಅತ್ತೆಗೆ ಹೇಳಿದರು.

ಚಾಳಿನ ಹಿಂದೆ ಗುಂಡಿ ತೋಡಿ, ಸುತ್ತ ತಗಡು ನಿಲ್ಲಿಸಿ, ಮೇಲೆ ಬಲೆ ಹಾಕಿದರು. ಮೊದಲ ಮಳೆಗೆ ಹೊರಬಿದ್ದ ದೊಡ್ಡ ಹಳದಿ ಕಪ್ಪೆಗಳನ್ನೂ ಸಣ್ಣವನ್ನೂ ಗೋಣಿಯಲ್ಲಿ ತುಂಬಿ ತಂದು ಬಿಟ್ಟರು. ಕಪ್ಪೆ ಅಲ್ಲಾಡದ ತಿಂಡಿಗೆ ಬಾಯಿ ಹಾಕುವುದಿಲ್ಲ. ಅದಕ್ಕೇ ಮಾರ್ಕೆಟ್ಟಿನಿಂದ ಮೀನಿನ ತಲೆಗಳನ್ನು ತಂದು ಗುಂಡಿಯ ಮೇಲೆ ತೂಗುಹಾಕಿದರು. ಅವು ಕೊಳೆತು, ಹುಳ ಬಿದ್ದು, ಹುಳಗಳು ಪಟಪಟನೆ ಕೆಳಗೆ ಉದುರುತ್ತಿದ್ದವು. ಆಗ ನಾನು ಚೊಚ್ಚಲ ಬಸುರಿ. ಆ ನಾತ ಸೀರೆಯಲ್ಲಿ, ಅನ್ನದಲ್ಲಿ, ಎಲ್ಲೆಲ್ಲೂ ಇತ್ತು.

ಕೆಲವು ವಾರಗಳಲ್ಲಿ ಗುಂಡಿಯ ಗದ್ದಲ ಇಳಿಯಿತು. ಕಪ್ಪೆಗಳು ಕಮ್ಮಿಯಾಗುತ್ತಿದ್ದವು. ತಗಡಿನಲ್ಲಿ ತೂತಿರಲಿಲ್ಲ, ಬಲೆ ಹರಿದಿರಲಿಲ್ಲ. ಸತ್ತದ್ದೂ ಒಂದು ಕಾಣಲಿಲ್ಲ. ಭಾವ ಅಕ್ಕಪಕ್ಕದವರನ್ನು ಅನುಮಾನದಿಂದ ನೋಡತೊಡಗಿದರು. ಅತ್ತೆ ಮಾತ್ರ, “ನಾಗ ಬರುತ್ತಾ ಉಂಟು. ಅದರ ದಾರಿಯಲ್ಲಿ ಕೂತಿದ್ದೇವೆ ನಾವು,” ಎಂದು ದೇವರ ಮುಂದೆ ಹಾಲಿಡುತ್ತಿದ್ದರು.

ಒಂದು ಮಧ್ಯಾಹ್ನ ಬಟ್ಟೆ ತೆಗೆಯಲು ಹಿಂದೆ ಹೋದವಳು ತಗಡಿನ ಮೇಲಿಂದ ಇಣುಕಿದೆ. ಅಂಗೈಗಿಂತ ದೊಡ್ಡದೊಂದು ಕಪ್ಪೆ ಅಲುಗಾಡದೆ ಕೂತಿತ್ತು. ಅದರ ಬಾಯಿಯಿಂದ ಎರಡು ಸಣ್ಣ ಕಾಲುಗಳು ಹೊರಗೆ ಚಾಚಿದ್ದವು. ಒಂದು ಇನ್ನೂ ಒದೆಯುತ್ತಿತ್ತು. ಕಪ್ಪೆ ಕಣ್ಣು ಮುಚ್ಚಿ ನುಂಗಿತು. ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

“ಭಾವ, ಕಳ್ಳರೂ ಇಲ್ಲ, ನಾಗನೂ ಇಲ್ಲ. ಅವು ಒಂದನ್ನೊಂದು ತಿನ್ನುತ್ತಾ ಉಂಟು.”

ಭಾವ ಗಾಬರಿಯಾಗಲಿಲ್ಲ. ಸ್ವಲ್ಪ ಯೋಚಿಸಿ, “ತಿನ್ನಲಿ. ಉಳಿದದ್ದು ದಪ್ಪ ಆಗುತ್ತದೆ. ಕಾಲಿಗೆ ತೂಕ ಬರುತ್ತದೆ,” ಅಂದರು. ಆಮೇಲೆ ಮೀನಿನ ತಲೆ ತರುವುದನ್ನೂ ನಿಲ್ಲಿಸಿದರು. ದಿನವೂ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಊಟಕ್ಕೆ ಕರೆದರೆ ಕೇಳುತ್ತಿರಲಿಲ್ಲ. ಇವರಿಗೂ ಅಣ್ಣನ ಹತ್ತಿರ ಮಾತಾಡಲು ಹೆದರಿಕೆ. “ಅವನ ಮುಖವೇ ಬೇರೆ ಆಗಿದೆ ಮಾರಾಯ್ತಿ,” ಎಂದು ಪಿಸುಗುಟ್ಟಿದರು. ಹೌದು, ಬೇರೆಯಾಗಿತ್ತು.

ಕೊನೆಗೊಂದು ಬೆಳಿಗ್ಗೆ ಗುಂಡಿಯಿಂದ ಸದ್ದೇ ಇಲ್ಲ. ದೊಡ್ಡ ಕಪ್ಪೆ ಒದ್ದೆ ಗೋಣಿಯ ಕೆಳಗಿರಬೇಕೆಂದು ಭಾವ ಕೆಳಗಿಳಿದು ಕೈ ಹಾಕಿದರು. ಅಲ್ಲಿದ್ದದ್ದು ಹಾವು. ಹಿಂದಿನ ದಿನದ ಗಾಳಿಗೆ ಬಲೆಯ ಒಂದು ಮೂಲೆ ಕಳಚಿತ್ತಂತೆ, ನಾವ್ಯಾರೂ ಗಮನಿಸಿರಲಿಲ್ಲ. ಭಾವ ಕೂಗಲಿಲ್ಲ. ಮೇಲೆ ಹತ್ತಿಬಂದು ಬಾಗಿಲಲ್ಲಿ ನಿಂತು, “ಅಮ್ಮಾ, ಕಚ್ಚಿತು,” ಅಂದರು.

ಇವರು ನೆರೆಯವರ ಜೊತೆ ಸೇರಿ ಅವರನ್ನು ಲಾರಿಯೊಂದರಲ್ಲಿ ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು. ಬಲಗೈಯ ಎರಡು ಬೆರಳು ಕೊಳೆತು, ಡಾಕ್ಟರು ಕತ್ತರಿಸಬೇಕಾಯಿತು.

ಹಾವನ್ನು ಯಾರೂ ಕೊಲ್ಲಲಿಲ್ಲ; ಕೊಲ್ಲಲು ಅತ್ತೆ ಬಿಡಲಿಲ್ಲ. ಅದು ತಾನಾಗಿ ಖಾಡಿಯ ಕಡೆ ಹೋಯಿತು. ಇವರು ನೀರು ಎತ್ತಿ ಚೆಲ್ಲಿ ಗುಂಡಿ ಬರಿದು ಮಾಡಿದರು. ತಳದ ಕೆಸರಿನಲ್ಲಿ ಒಂದೇ ಒಂದು ಕಪ್ಪೆ. ಬಕೆಟಿನಲ್ಲಿ ಒಯ್ದು ಜೌಗಿಗೆ ಬಿಟ್ಟರೆ, ಅದು ಹಾರಲಿಲ್ಲವಂತೆ. ಇವರು ಅಲ್ಲಿಂದ ಹೊರಡುವವರೆಗೂ ಇವರ ಕಡೆಗೇ ಮುಖ ಮಾಡಿ ಕೂತಿತ್ತಂತೆ.

ಭಾವ ಮತ್ತೆ ಅದೇ ಹೋಟೆಲಿಗೆ ಹೋದರು, ಗಲ್ಲಾದ ಮೇಲೆ ಕೂರುವ ಕೆಲಸಕ್ಕೆ. ನನ್ನ ಮಗಳು ಹುಟ್ಟಿದಾಗ ನೋಡಲು ಬಂದರು. “ಎತ್ತಿಕೊಳ್ಳಿ ಭಾವ,” ಎಂದೆ. ಅವರು ಕೈಗಳೆರಡನ್ನೂ ಬೆನ್ನ ಹಿಂದೆ ಇಟ್ಟುಕೊಂಡೇ ಬಾಗಿ ಮಗುವನ್ನು ತುಂಬ ಹೊತ್ತು ನೋಡಿದರು.

“ಚೆನ್ನಾಗಿ ತಿನ್ನುತ್ತಾಳಾ?” ಎಂದು ಕೇಳಿದರು.