ಟವೆಲ್ಲಿನಡಿಯ ಬೆರಳು

ಕತ್ತಲಗೆರೆಯಲ್ಲಿ ಉಳುಕು ತೆಗೆಯುವ ಸಾವಂತ್ರಮ್ಮನನ್ನು ಮೊದಲ ಸಲ ಕಂಡಾಗ ದನದ ದಲ್ಲಾಳಿ ಕೊಟ್ರಬಸಪ್ಪ ಅಭ್ಯಾಸಬಲದಿಂದ ಮನಸ್ಸಿನಲ್ಲೇ ಬೆಲೆ ಕಟ್ಟಿದ. ಎತ್ತರ ಸಾಲದು. ಮೈಯಲ್ಲಿ ಮಾಂಸವಿಲ್ಲ. ಹಲ್ಲು ನೋಡಿದರೆ ವಯಸ್ಸು ಐವತ್ತು ದಾಟಿದೆ. ಗಿರಾಕಿ ಹುಟ್ಟುವುದು ಕಷ್ಟ. ಕೈಗಳು ಮಾತ್ರ ಬೇರೆ ಯಾರದೋ ಮೈಯಿಂದ ತಂದು ಜೋಡಿಸಿದಂತೆ ಅಗಲವಾಗಿದ್ದವು.

ಅದು ಎಪ್ಪತ್ತೆಂಟನೆಯ ಇಸವಿ. ಹಿಂದಿನ ವಾರವಷ್ಟೇ ಸಂತೇಬೆನ್ನೂರು ಸಂತೆಯಲ್ಲಿ ಅವನ ಮಾನ ಹೋಗಿತ್ತು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಗೆ ಟವೆಲ್ ಮುಚ್ಚಿ, ಅದರಡಿ ಬೆರಳು ಹಿಡಿದು ತಿಳಿಸುತ್ತಾರೆ. ಹೊನ್ನಾಳಿ ಕಡೆಯ ಮಲ್ಲೇಶಪ್ಪ ತನ್ನ ಎತ್ತಿಗೆ ನಾಲ್ಕು ಬೆರಳು, ಎಂದರೆ ನಾಲ್ಕು ನೂರು, ಹಿಡಿದ. ಜೋಮು ಹಿಡಿದಿದ್ದ ಕೊಟ್ರಬಸಪ್ಪನ ಬಲಗೈಗೆ ಅದು ಮೂರೆಂದು ತಿಳಿಯಿತು. ಅಷ್ಟಕ್ಕೇ ವ್ಯಾಪಾರ ಮುಗಿಸಿ ಎತ್ತಿನ ಹಗ್ಗವನ್ನು ಕೊಳ್ಳುವವನ ಕೈಗೆ ಕೊಡಿಸಿಬಿಟ್ಟ.

“ಏನಣ್ಣಾ, ಬೆರಳು ಎಣಿಸಾಕೆ ಮರ್ತೋಯ್ತಾ, ಇಲ್ಲ ಆ ಕಡೆಯೋರು ಏನಾರ ತಿನ್ನಿಸಿದ್ರಾ?” ಎಂದು ಮಲ್ಲೇಶಪ್ಪ ಜನರೆದುರೇ ಕೇಳಿದ.

ನಂಬಿಕೆ ಹೋದ ದಲ್ಲಾಳಿಯ ಟವೆಲ್ಲಿನಡಿ ಯಾರೂ ಕೈ ಇಡುವುದಿಲ್ಲ. ಇನ್ನೊಂದು ತಪ್ಪಾದರೆ ಕಸುಬು ಮುಗಿದಂತೆ.

“ಈ ಬೆರಳು ನೋಡ್ರವ್ವ,” ಎಂದು ಸಾವಂತ್ರಮ್ಮನ ಮುಂದೆ ಕೈ ಚಾಚಿದ.

ಆಕೆ ಕೈಯತ್ತ ತಿರುಗಿಯೂ ನೋಡಲಿಲ್ಲ. “ಅಂಗಳದಾಗೆ ಸ್ವಲ್ಪ ನಡೀರಿ.”

“ಕಾಲು ಚೆನ್ನಾಗೈತೆ. ಜೋಮು ಇರೋದು ಕೈಯಾಗೆ.”

“ಕುಂಟೋ ಎತ್ತು ಕೊಳ್ಳಾಕೆ ಬಂದೋರಿಗೆ ಬರೀ ಗೊರಸು ತೋರಿಸ್ತೀರೇನು, ಯಜಮಾನ್ರೇ?”

ತೋರಿಸುತ್ತಿದ್ದ. ತಾನು ಕೊಳ್ಳುವಾಗ ಮಾತ್ರ ಸೊಂಟದಿಂದ ಹೆಗಲಿನವರೆಗೂ ತಡವಿ ನೋಡುತ್ತಿದ್ದ. ಎದ್ದು ಅಂಗಳದಲ್ಲಿ ನಡೆದ.

ಆಮೇಲೆ ಕೂರಿಸಿ, ಹಿಂದೆ ನಿಂತು, ಕಣ್ಣು ಮುಚ್ಚಿ ಬೆನ್ನಿನ ಉದ್ದಕ್ಕೂ ಬೆರಳಾಡಿಸಿದಳು. ಹೋರಿಗಳ ಹಗ್ಗ ಜಗ್ಗಿ ಜಗ್ಗಿ ಬಲ ಹೆಗಲು ಮುಂದಕ್ಕೆ ಬಿದ್ದಿತ್ತು; ಕತ್ತಿನ ಬುಡ ಕೊರಡಾಗಿತ್ತು.

“ಕೂಗೋದು ಬೆರಳು. ಕಟ್ಕೊಂಡಿರೋದು ಇಲ್ಲಿ,” ಎಂದು ಅಲ್ಲಿ ಅಂಗೈ ಇಟ್ಟಳು. ಲಟಕ್ಕೆನ್ನಿಸುವ ಆರ್ಭಟವಿಲ್ಲ. ಅವನು ಉಸಿರು ಬಿಟ್ಟಾಗ ಆ ಕೈ ಒಂದಿಷ್ಟು ಇಳಿಯುತ್ತಿತ್ತು, ಎಳೆದುಕೊಂಡಾಗ ಕಾಯುತ್ತಿತ್ತು. ಆತುರಪಡದ ವ್ಯಾಪಾರಿಯನ್ನು ಕಂಡರೆ ಕೊಟ್ರಬಸಪ್ಪನಿಗೆ ಮೊದಲಿಂದಲೂ ಗೌರವ.

“ವಾಸಿ ಮಾಡೋಳು ನಾನಲ್ಲ. ಕಾಲುವೆಗೆ ಅಡ್ಡ ಬಿದ್ದ ಹೆಂಟೆ ತೆಗೀತೀನಿ. ನೀರು ತಾನೇ ಹರೀತೈತೆ.”

ಈ ವಿದ್ಯೆ ಆಕೆಗೆ ಬಂದದ್ದು ಅತ್ತೆಯಿಂದ. ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಮಣೆಯ ಮೇಲೆ ಒಂದು ಕೂದಲೆಳೆ ಇಟ್ಟು, ಸೀರೆಯ ಸೆರಗು ಹೊದಿಸಿ, ಮೇಲಿಂದಲೇ ಬೆರಳಾಡಿಸಿ ಹುಡುಕು ಎನ್ನುತ್ತಿದ್ದಳಂತೆ. ಸಿಕ್ಕಿತೋ, ಮರುದಿನ ಸೆರಗಿಗೆ ಇನ್ನೊಂದು ಮಡಿಕೆ. ಈಗ ಉಳುಕು, ಸೊಂಟದ ಹಿಡಿತ ಎಂದು ಸಾಸ್ವೆಹಳ್ಳಿಯಿಂದಲೂ ಜನ ಬರುತ್ತಿದ್ದರು. ಜ್ವರದವರನ್ನು, ಮೂಳೆ ಮುರಿದವರನ್ನು ಆಸ್ಪತ್ರೆಗೆಂದು ತಾನೇ ಚನ್ನಗಿರಿಯ ಬಸ್ಸು ಹತ್ತಿಸುತ್ತಿದ್ದಳು. ತನಗೆ ಬಾರದ್ದನ್ನು ಬಾರದು ಎನ್ನುವವರನ್ನು ಹುಡುಕುವುದು, ಸುಳಿದೋಷವಿಲ್ಲದ ಎತ್ತನ್ನು ಹುಡುಕಿದಷ್ಟೇ ಕಷ್ಟ.

“ಇನ್ಮೇಲೆ ಹಗ್ಗ ಎಡಗೈಯಾಗೆ ಹಿಡೀರಿ,” ಎಂದಳು.

“ಜನ ನಗ್ತಾರೆ.”

“ಈಗೇನು ಆರತಿ ಎತ್ತುತಾರೇನು?”

ವಾರವಾರ ಬಂದ. ಹೋಗುವ ಮುನ್ನ ಸೆರಗಿನಡಿಯ ಕೂದಲು ಹುಡುಕಬೇಕು. ಸಿಗುವ ತನಕ ಸಂತೆಯಲ್ಲಿ ಕೈಗೆ ಟವೆಲ್ ಮುಚ್ಚುವಂತಿಲ್ಲ ಎಂದು ಆಕೆಯ ಕಟ್ಟಪ್ಪಣೆ. “ಒತ್ತಬ್ಯಾಡ್ರಿ. ಬೆರಳಿನಾಗೆ ಕೇಳಿಸ್ಕಳ್ರಿ,” ಎನ್ನುತ್ತಿದ್ದಳು. ಜೋಳದ ಸುಗ್ಗಿಯ ಹೊತ್ತಿಗೆ ಸಿಕ್ಕಿತು.

ಮುಂದಿನ ಸಂತೆಯಲ್ಲಿ ಮಲ್ಲೇಶಪ್ಪನೇ ಟವೆಲ್ಲಿನಡಿ ಕೈ ತೂರಿಸಿದ. ಮೂರು ಬೆರಳು ಹಿಡಿದು, ಪರೀಕ್ಷೆಗೆಂದು ಇನ್ನೊಂದನ್ನು ಮೆಲ್ಲಗೆ ತಾಗಿಸಿದ. ಕೊಟ್ರಬಸಪ್ಪ ಅವನ ಕಿವಿಯ ಹತ್ತಿರ ಬಗ್ಗಿ, “ಆ ಕಿರುಬೆರಳು ಕರೀದೇ ಬಂದೈತೆ, ಮನೆಗೆ ಕಳಿಸಪ್ಪ,” ಎಂದ. ಮಲ್ಲೇಶಪ್ಪ ನಕ್ಕು, ಹಗ್ಗವನ್ನು ಅವನ ಎಡಗೈಗೆ ಕೊಟ್ಟ.

ಎಂಬತ್ತರ ದಶಕ ಮುಗಿಯುವವರೆಗೂ ಕೊಟ್ರಬಸಪ್ಪ ಜಗಳೂರಿನಿಂದ ನ್ಯಾಮತಿಯ ತನಕ ದಲ್ಲಾಳಿತನ ಮಾಡಿದ. ಆ ಕಸುಬು ಅವನಿಗೆ ಉಳಿದದ್ದು ಸಾವಂತ್ರಮ್ಮನಿಂದ.